ಬೀಗ ಹಾಕಿದ ಹಾಡುಗಳು

ನಮ್ಮ ಬಾಲ್ಕನಿಗೆ ಬರುವ ಪಾರಿವಾಳಗಳಿಗೆ ಸಂಗೀತದ ಗಂಧವಿಲ್ಲ. ಸುಮ್ಮನೆ ದೂರುತ್ತಿಲ್ಲ, ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ತೂಗುಬಿಟ್ಟರೆ ಅವುಗಳ ಥಳಕಿಗೆ ಹೆದರಿ ಪಾರಿವಾಳ ಹತ್ತಿರ ಸುಳಿಯುವುದಿಲ್ಲವೆಂದು ಇಲ್ಲಿ ಮಸ್ಕತ್ತಿನ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯಲ್ಲಿ ಯಾರೋ ನನ್ನ ಹೆಂಡತಿಗೆ ಹೇಳಿದರಂತೆ. ಮನೆಗೆ ಬಂದವಳೇ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ನಾನು ವರ್ಷಗಟ್ಟಲೆ ಜೋಪಾನ ಮಾಡಿದ ಸಿ.ಡಿ.ಗಳಲ್ಲಿ ಕೈಗೆ ಸಿಕ್ಕವನ್ನೆಲ್ಲ ತೋರಣದ ಹಾಗೆ ಕಟ್ಟಿಬಿಟ್ಟಳು. ಈಗ ಪಾರಿವಾಳಗಳು ಅವುಗಳಲ್ಲಿ ಮುಖ ನೋಡಿಕೊಂಡು, ಕತ್ತು ಕೊಂಕಿಸಿ, ಅಲ್ಲೇ ಸಂಸಾರ ಹೂಡಿವೆ. ಕನ್ನಡಿಯಿರುವ ಮನೆ ಯಾರಿಗೆ ಬೇಡ ಹೇಳಿ?

ಆ ಸಾಲಿನಿಂದ ಒಂದನ್ನು ಮಾತ್ರ ನಾನು ಬಿಚ್ಚಿ ಒಳಗೆ ತಂದೆ. ಅದರ ಅಂಚಿನ ಸುತ್ತ ಮಾರ್ಕರ್ ಪೆನ್ನಿನಲ್ಲಿ ಎಳೆದ ವಕ್ರವಾದ ಕಪ್ಪು ಗೆರೆಯಿದೆ.

‘ಅದನ್ಯಾಕ್ರೀ ಬಿಚ್ಚಿದ್ರಿ? ಅದಂತೂ ಹಾಡೋದೇ ಇಲ್ಲ’ ಎಂದಳು ನಾಗರತ್ನ.

‘ಹಾಡುತ್ತೆ ಕಣೇ. ಮನಸ್ಸು ಬಂದ ಕಡೆ ಮಾತ್ರ ಹಾಡುತ್ತೆ.’

‘ಹಾಗಾದ್ರೆ ನಿಮ್ಮ ಅಕ್ಕನ ಹಾಗೆ’ ಎಂದು ಅವಳು ಒಳಗೆ ಹೋದಳು.

ಮಾತಿನಲ್ಲಿ ಸತ್ಯವಿತ್ತು. ನಮ್ಮಕ್ಕ, ಬಂದ ನೆಂಟರು ‘ಒಂದು ಹಾಡು ಹೇಳಮ್ಮ’ ಎಂದು ಗೋಗರೆದರೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಿದ್ದಳು. ಅವರು ಎದ್ದುಹೋದ ಮೇಲೆ ಬಚ್ಚಲಮನೆಯಿಂದ ಇಡೀ ಬೀದಿಗೆ ಕೇಳುವಂತೆ ಹಾಡುತ್ತಿದ್ದಳು. ಅಷ್ಟೇ ಅಲ್ಲ, ಬೀಗ ಹಾಕಿದ ಹಾಡಿಗೂ ನನಗೂ ಮೈಸೂರಿನ ಆ ಮನೆಯಿಂದಲೇ ನಂಟು. ನಮ್ಮಪ್ಪ ರೇಡಿಯೋಗೆಂದು ಬಾಗಿಲಿರುವ ಮರದ ಗೂಡು ಮಾಡಿಸಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ಅದಕ್ಕೊಂದು ಪುಟ್ಟ ಬೀಗ ಬೀಳುತ್ತಿತ್ತು, ಬೀಗದಕೈ ಅಪ್ಪನ ಜನಿವಾರಕ್ಕೆ ಹೋಗುತ್ತಿತ್ತು. ನಾನು, ಅಕ್ಕ ಪುಸ್ತಕ ತೆರೆದಿಟ್ಟುಕೊಂಡು, ಹಿತ್ತಾಳೆ ಚೊಂಬನ್ನು ಗೋಡೆಗೆ ಆನಿಸಿ, ಅದಕ್ಕೆ ಕಿವಿ ಕೊಟ್ಟು ಪಕ್ಕದ ಮನೆಯ ರೇಡಿಯೋ ಕೇಳುತ್ತಿದ್ದೆವು. ಪಕ್ಕದ ಮನೆಯ ಅಜ್ಜಿಗೆ ಇದು ಹೇಗೋ ತಿಳಿದುಹೋಗಿ, ಪರೀಕ್ಷೆಯ ದಿನಗಳಲ್ಲಿ ಅವರು ರೇಡಿಯೋವನ್ನು ಗೋಡೆಯ ಪಕ್ಕಕ್ಕೇ ತಂದಿಟ್ಟು ಜೋರಾಗಿ ಹಾಕತೊಡಗಿದರು. ಆ ವರ್ಷ ನಾನು ಗಣಿತದಲ್ಲಿ ಪಾಸಾದದ್ದು ಅಪ್ಪನಿಗೆ ಬೀಗದ ಮಹಿಮೆಯಾಗಿ ಕಂಡಿತು.

ಇರಲಿ, ಮಸ್ಕತ್ತಿಗೆ ಬರೋಣ. ಈ ಗೆರೆಯ ಸಿ.ಡಿ. ಕೈಗೆ ಬಂದ ಕಾಲಕ್ಕೆ ನಾವು ದಾರ್ಸೈಟ್ ಬಡಾವಣೆಯಲ್ಲಿದ್ದೆವು, ಕೃಷ್ಣ ದೇವಸ್ಥಾನದಿಂದ ಸ್ವಲ್ಪ ದೂರದ ಕಟ್ಟಡದಲ್ಲಿ. ನಮ್ಮ ಕೆಳಗಿನ ಮಹಡಿಯಲ್ಲಿ ಶೆಟ್ಟರ ಮನೆ: ಶೆಟ್ಟರು, ಅವರ ಹೆಂಡತಿ ಸುಮತಿ, ಇನ್ನೂ ಶಾಲೆಗೆ ಸೇರದ ಮಗಳು ಚಿನ್ನು. ಕಡಲ ಕರೆಯ ಜನ. ಶೆಟ್ಟರು ಬಂದರಿನಲ್ಲಿ ಸರಕು ಬಿಡಿಸಿಕೊಡುವ ಕಂಪನಿಯೊಂದರಲ್ಲಿದ್ದರು. ಆ ಕಟ್ಟಡದ ಕನ್ನಡ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ರಜೆಗೆ ಊರಿಗೆ ಹೋದವರು ಬರುವಾಗ ಹೊಸ ಹಾಡುಗಳನ್ನು ತರಬೇಕು, ಉಳಿದವರು ಅದರ ನಕಲು ಮಾಡಿಕೊಳ್ಳಬೇಕು. ತಿಂಡಿ ಬಂದ ಡಬ್ಬಿಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬ ನಿಯಮ ಇದಕ್ಕೂ ಅನ್ವಯವಾಗಿ, ಒಂದು ಸಿ.ಡಿ. ಕೊಟ್ಟರೆ ಅದರ ಜೊತೆ ಇನ್ನೊಂದು ಬರುತ್ತಿತ್ತು. ಇದನ್ನು ಕಳ್ಳತನವೆನ್ನುವ ಕಾನೂನು ಲೋಕದಲ್ಲಿದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಆದರೆ ಹೆಚ್ಚಾದ ದೋಸೆ ಹಿಟ್ಟನ್ನು ಪಕ್ಕದ ಮನೆಗೆ ಕೊಡುವಾಗ ಅಕ್ಕಿ ಅಂಗಡಿಯವನ ನಷ್ಟದ ಬಗ್ಗೆ ಯಾರು ಯೋಚಿಸುತ್ತಾರೆ? ಸಿ.ಡಿ. ಬರೆಯುವ ಸೌಲಭ್ಯವಿದ್ದ ಕಂಪ್ಯೂಟರು ಇದ್ದದ್ದು ನನ್ನೊಬ್ಬನ ಬಳಿಯಾದ್ದರಿಂದ ನಮ್ಮ ಮನೆಗೆ ‘ರಾಯರ ಪ್ರೆಸ್ಸು’ ಎಂಬ ಹೆಸರು ಬಿದ್ದಿತ್ತು. ಆ ಹೆಸರು ನನಗೆ ಒಳಗೊಳಗೇ ಇಷ್ಟವಾಗಿತ್ತು.

ಕಚ್ಚಾ ಎಣ್ಣೆಯ ಬೆಲೆ ಬಿದ್ದು, ಎದ್ದು ನಿಲ್ಲಲು ಇನ್ನೂ ಗೋಡೆ ಹಿಡಿದುಕೊಂಡಿದ್ದ ವರ್ಷಗಳು ಅವು. ಊರಿನಲ್ಲಿ ಮಳೆ ಹೇಗಿದೆ ಎಂದು ಕೇಳುವ ಹಾಗೆ ಇಲ್ಲಿ ಎದುರಾದವರೆಲ್ಲ ಬ್ಯಾರಲ್ ಹೇಗಿದೆ ಎಂದು ಕೇಳುತ್ತಿದ್ದರು. ನಮ್ಮ ಆಫೀಸಿನಲ್ಲಿ ಮೊದಲು ಮೀಟಿಂಗಿನ ಬಿಸ್ಕತ್ತು ನಿಂತಿತು, ಆಮೇಲೆ ಮೀಟಿಂಗು ನಿಂತಿತು, ಆಮೇಲೆ ಒಬ್ಬೊಬ್ಬರಾಗಿ ಮನುಷ್ಯರೂ ಕಾಣೆಯಾಗತೊಡಗಿದರು. ಕಟ್ಟಡಗಳಿಗೆ ಎಸ್ಟಿಮೇಟ್ ಹಾಕುವುದು ನನ್ನ ಕೆಲಸ. ಕಟ್ಟಿಸುವವರೇ ಇಲ್ಲದ ಕಾಲದಲ್ಲಿ ನಾನು ಕೀಬೋರ್ಡಿನ ಸಂದಿಯ ಧೂಳು ತೆಗೆಯುವುದರಲ್ಲಿ ಪರಿಣತನಾದೆ.

ಅಂಥ ವರ್ಷವೇ ನಾನು ರಜೆಗೆ ಹೋಗಿ, ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಭಾವಗೀತೆಗಳ ಒಂದು ಸಿ.ಡಿ. ಕೊಂಡೆ. ಮುಂಬೈಯ ಯಾವುದೋ ಕಂಪನಿ ಯಾವ ಉಮೇದಿನಲ್ಲೋ ಹೊರತಂದದ್ದು. ಹೊಸ ಗಾಯಕಿ, ಒಳ್ಳೆಯ ಕಂಠ. ಕಟ್ಟಡಕ್ಕೆಲ್ಲ ಸುದ್ದಿ ಹೋಯಿತು. ಖಾಲಿ ಸಿ.ಡಿ.ಗಳು ಪ್ರೆಸ್ಸಿಗೆ ಬಂದು ಬಿದ್ದವು. ನಾನು ಕಾಫಿ ತರಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತು ಸಿ.ಡಿ. ತಳ್ಳಿದೆ. ಅದು ಒಳಗೆ ಹೋಗಿ ಗರ್ರ್ ಎಂದಿತು, ಟಕಟಕ ಎಂದಿತು, ಪರದೆ ಕಲ್ಲಿನಂತೆ ನಿಂತಿತು. ಹೊರಗೆ ತೆಗೆಯಲು ಗುಂಡಿ ಒತ್ತಿದರೆ ತಟ್ಟೆ ಬರಲೊಲ್ಲದು. ಕೊನೆಗೆ ನಾಗರತ್ನಳ ಬಳೆಯಲ್ಲಿ ತೂಗುತ್ತಿದ್ದ ಸೇಫ್ಟಿ ಪಿನ್ನನ್ನು ಅದರ ಸಣ್ಣ ತೂತಿಗೆ ಚುಚ್ಚಿ ಹೆರಿಗೆ ಮಾಡಿಸಬೇಕಾಯಿತು.

ಮಗಳು ವೀಣಾ ಡಬ್ಬಿಯ ಹಿಂಬದಿ ನೋಡಿ, ‘ಪಪ್ಪಾ, ಇಟ್ ಸೇಸ್ ನೋ’ ಎಂದಳು.

ಹೌದು, ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಇದನ್ನು ನಕಲು ಮಾಡಲಾಗದಂತೆ ರಕ್ಷಿಸಲಾಗಿದೆ, ಕೆಲವು ಯಂತ್ರಗಳಲ್ಲಿ ಇದು ನುಡಿಯದೇ ಇರಬಹುದು ಎಂದು. ನನಗೆ ಮೊದಲು ಬಂದದ್ದು ಕೋಪವಲ್ಲ, ಹೆಮ್ಮೆ. ಕನ್ನಡ ಭಾವಗೀತೆಯನ್ನೂ ಕದಿಯುವವರಿದ್ದಾರೆಂದು ಮುಂಬೈಯಲ್ಲಿ ಯಾರೋ ನಂಬಿದ್ದಾರಲ್ಲ! ಕೋಪ ಬಂದದ್ದು ಮರುದಿನ, ದುಡ್ಡು ಕೊಟ್ಟು ಕೊಂಡ ನನ್ನ ಸ್ವಂತ ಸಿ.ಡಿ.ಯನ್ನು ನನ್ನ ಸ್ವಂತ ಕಾರಿನ ಪ್ಲೇಯರು ಕಹಿ ಔಷಧಿ ಕುಡಿಸಿದ ಕೂಸಿನಂತೆ ಹೊರಗೆ ಉಗುಳಿದಾಗ. ಮತ್ತೆ ತಳ್ಳಿದೆ, ಮತ್ತೆ ಉಗುಳಿತು. ಹಿಂದಿನ ಕಾರಿನವನ ಹಾರ್ನು ಕೇಳಿಸುವವರೆಗೂ ನಮ್ಮಿಬ್ಬರ ಈ ಜಗಳ ರೂವಿಯ ಸಿಗ್ನಲಿನಲ್ಲಿ ನಡೆಯಿತು.

ಆಫೀಸಿನ ಮಲಯಾಳಿ ಸಹೋದ್ಯೋಗಿ ಇದಕ್ಕೊಂದು ಮದ್ದು ಹೇಳಿದ. ‘ಸಾರ್, ಮಾರ್ಕರ್ ಸೇ ಕಿನಾರೇ ಪೇ ಏಕ್ ಲೈನ್ ಮಾರೋ. ಖಲಾಸ್.’ ಬೀಗವಿರುವುದು ಅಂಚಿನಲ್ಲಿ, ಅದನ್ನು ಮಸಿಯಿಂದ ಮುಚ್ಚಿದರೆ ಯಂತ್ರ ಮೋಸ ಹೋಗುತ್ತದೆಯಂತೆ. ನಾನು ಕೈ ನಡುಗದಂತೆ ಉಸಿರು ಹಿಡಿದು ಗೆರೆ ಎಳೆದೆ. ಯಂತ್ರ ಮೋಸ ಹೋಗಲಿಲ್ಲ, ನಾನು ಹೋದೆ. ಮೇಜುಬಟ್ಟೆಗೆ ಮಸಿಯಾದ ಬಗ್ಗೆ ನಾಗರತ್ನ ಏನೆಂದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ತಿಳಿದದ್ದು, ಇಡೀ ಕಟ್ಟಡದಲ್ಲಿ ಆ ಸಿ.ಡಿ. ಒಲಿಯುವುದು ಒಂದೇ ಯಂತ್ರಕ್ಕೆ: ಕೆಳಗಿನ ಶೆಟ್ಟರ ಹಳೆಯ ತ್ರೀ-ಇನ್-ಒನ್ ಸೆಟ್ಟಿಗೆ. ಅದರ ಕ್ಯಾಸೆಟ್ ಭಾಗದೊಳಗೆ ಚಿನ್ನು ಒಮ್ಮೆ ಖುಬ್ಬೂಸ್ ರೊಟ್ಟಿಯ ತುಂಡನ್ನು ತುರುಕಿ ಅದರ ಬಾಯಿ ಮುಚ್ಚಿಸಿದ್ದಳು. ಹೆಡ್‌ಫೋನಿನ ತೂತಿನಲ್ಲಿ ಮುರಿದ ಪಿನ್ನೊಂದು ಸಿಕ್ಕಿಕೊಂಡಿತ್ತು. ಆದರೆ ಸಿ.ಡಿ. ಭಾಗ ಮಾತ್ರ ಏನು ಕೊಟ್ಟರೂ ತಿನ್ನುವ ಮುದುಕನ ಹಾಗೆ ಯಾವ ಸಿ.ಡಿ.ಯನ್ನೂ ಬೇಡವೆನ್ನುತ್ತಿರಲಿಲ್ಲ. ಹಾಡು ಕೇಳಬೇಕಾದರೆ ಶೆಟ್ಟರ ಮನೆಗೇ ಹೋಗಬೇಕು. ಹಾಗೆ ಶುರುವಾಯಿತು ನಮ್ಮ ಶುಕ್ರವಾರ. ಬೆಳಿಗ್ಗೆ ದೇವಸ್ಥಾನ, ಅಲ್ಲಿಂದ ಶೆಟ್ಟರ ಮನೆ, ಸುಮತಿಯ ನೀರುದೋಸೆ, ನಾಗರತ್ನಳ ಗೊಜ್ಜು, ಹಿನ್ನೆಲೆಯಲ್ಲಿ ಭಾವಗೀತೆ. ಹಾಡನ್ನು ನಿಜಕ್ಕೂ ಕೇಳುತ್ತಿದ್ದವನು ನಾನೊಬ್ಬನೇ. ಉಳಿದವರು ಹಾಡಿಗಿಂತ ಜೋರಾಗಿ ಮಾತಾಡುತ್ತಿದ್ದರು. ಆ ಶುಕ್ರವಾರಗಳಲ್ಲಿ ನಾನು ಬಹಳ ಸುಖವಾಗಿದ್ದೆ, ಬ್ಯಾರಲ್ ಎಷ್ಟಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಆದರೆ ಬ್ಯಾರಲ್ ನಮ್ಮನ್ನು ಮರೆತಿರಲಿಲ್ಲ. ಶೆಟ್ಟರ ಕಂಪನಿ ಮಸ್ಕತ್ತಿನ ಕೆಲಸವನ್ನು ಮೊಟಕುಗೊಳಿಸಿ ಅವರನ್ನು ಖಸಬ್ ಬಂದರಿಗೆ ಹೋಗೆಂದಿತು. ಒಮಾನಿನ ಉತ್ತರಕ್ಕೆ ಬೇರೆಯಾಗಿ ಬಿದ್ದಿರುವ ಮುಸಂದಂನ ತುದಿಯಲ್ಲಿರುವ ಊರು, ವಿಮಾನ ಹತ್ತಬೇಕು ಇಲ್ಲವೇ ಎಮಿರೇಟ್ಸ್ ಹಾದು ದಿನವಿಡೀ ಕಾರು ಓಡಿಸಬೇಕು. ಸಂಸಾರಕ್ಕೆ ಮನೆ ಕೊಡುವುದಿಲ್ಲ, ನಾಲ್ಕು ಜನರ ಜೊತೆ ಒಂದು ಕೋಣೆ. ಶೆಟ್ಟರು ಅವತ್ತೇ ಒಪ್ಪಿ ಬಂದರು. ದಾರ್ಸೈಟ್ ಮನೆಯ ಬಾಡಿಗೆ ಕರಾರು ಮುಗಿಯುವವರೆಗೆ ಸುಮತಿ ಮತ್ತು ಚಿನ್ನು ಇಲ್ಲೇ ಇರುವುದು, ಆಮೇಲೆ ಮಂಗಳೂರಿಗೆ ಹೋಗಿ ಅತ್ತೆ ಮಾವನ ಜೊತೆ ಇರುವುದು ಎಂದು ಅವರೇ ನಿಶ್ಚಯಿಸಿದ್ದರು.

‘ಸುಮತಿ ಏನಂದ್ರು?’ ಎಂದೆ.

‘ಅವಳು ಎಂತ ಹೇಳುದು ರಾಯರೆ? ಹೆಂಗಸರಿಗೆ ಅಲ್ಲಿ ಎಂತ ಉಂಟು? ಬರೀ ಗುಡ್ಡೆ, ಸಮುದ್ರ.’

ಸುಮತಿ ಏನೂ ಹೇಳಲಿಲ್ಲ. ಅದೇ ಹೆದರಿಕೆಯ ವಿಷಯವೆಂದು ನಾಗರತ್ನ ನನಗೆ ಹೇಳಿದಳು. ದಿನಕ್ಕೊಂದು ಪುರಾಣ ಹೇಳುತ್ತಿದ್ದವಳು ಈಗ ಗಂಡನಿಗೆ ‘ಹೂಂ’, ‘ಆಯ್ತು’ ಎಂಬ ಎರಡು ಮಾತಿನಲ್ಲಿ ಸಂಸಾರ ನಡೆಸುತ್ತಿದ್ದಳು.

ಹೊರಡುವ ಮುಂಚೆ ಶೆಟ್ಟರು ನನ್ನಲ್ಲಿ ಒಂದೇ ಒಂದನ್ನು ಕೇಳಿದರು, ಆ ಹಾಡುಗಳ ಕ್ಯಾಸೆಟ್ಟು. ಖಸಬ್‌ನಲ್ಲಿ ಅವರಿಗೆ ಕೊಡುವ ಪಿಕಪ್‌ನಲ್ಲಿ ಇರುವುದು ಕ್ಯಾಸೆಟ್ ಪ್ಲೇಯರು ಮಾತ್ರ. ಅಂಗಡಿಗಳಲ್ಲಿ ಆ ಕ್ಯಾಸೆಟ್ಟು ಇರಲಿಲ್ಲ, ಊರಿನಿಂದ ಸದ್ಯಕ್ಕೆ ಬರುವವರೂ ಇರಲಿಲ್ಲ. ಪ್ರೆಸ್ಸಿನ ಮರ್ಯಾದೆಯ ಪ್ರಶ್ನೆ. ಶೆಟ್ಟರ ಸೆಟ್ಟು ಹಾಡಲಿ, ಅದರ ಮುಂದೆ ನನ್ನ ಟೇಪ್ ರೆಕಾರ್ಡರ್ ಇಟ್ಟು ಗಾಳಿಯಲ್ಲೇ ಹಿಡಿದುಬಿಡೋಣವೆಂದು ತೀರ್ಮಾನಿಸಿದೆ. ಯಾವ ಬೀಗವೂ ಗಾಳಿಯನ್ನು ತಡೆಯಲಾರದಲ್ಲ.

ಶುಕ್ರವಾರ ಟೀಪಾಯಿಯ ಮೇಲೆ ದಿಂಬಿಟ್ಟು, ಅದರ ಮೇಲೆ ರೆಕಾರ್ಡರನ್ನು ಕೂರಿಸಿದೆ. ಏ.ಸಿ. ಆರಿಸಿದೆ, ಫೋನಿನ ರಿಸೀವರ್ ಎತ್ತಿಟ್ಟೆ, ಯಾರೂ ಉಸಿರೆತ್ತಬಾರದೆಂದು ಅಪ್ಪಣೆ ಮಾಡಿದೆ. ಮೊದಲ ಹಾಡು ಅರ್ಧಕ್ಕೆ ಬಂದಿರಬೇಕು, ‘ಅಮ್ಮಾ, ಮಾಮ ಯಾಕೆ ಕಣ್ಣು ಮುಚ್ಚಿದ್ದು? ಅಳುದಾ?’ ಎಂದಳು ಚಿನ್ನು. ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಅಡುಗೆಮನೆಯ ಕುಕ್ಕರ್ ಕೂಗಿತು, ಅದರ ಬೆನ್ನಿಗೇ ಸುಮತಿ ಮುನಿಸು ಮರೆತು, ‘ಓ ಇವರೇ, ಗ್ಯಾಸ್ ಒಮ್ಮೆ ಸಣ್ಣ ಮಾಡಿ’ ಎಂದಳು. ಮತ್ತೆ ಹಿಂದಕ್ಕೆ. ಆಮೇಲೆ ಶೆಟ್ಟರ ಸೀನು. ಅವರ ಸೀನಿಗೆ ಕೆಳಗೆ ಪಾರ್ಕಿಂಗಿನಲ್ಲಿ ಕಾರಿನ ಅಲಾರಂ ಹೊಡೆದುಕೊಂಡ ದಾಖಲೆಯಿದೆ. ಮತ್ತೆ ಹಿಂದಕ್ಕೆ. ಮಸೀದಿಯ ಬಾಂಗು, ಬಾಗಿಲು ತಟ್ಟಿದ ಇಸ್ತ್ರಿಯವನು, ನಾಗರತ್ನಳ ತಡೆಯಲಾರದ ನಗು. ನಾನು ಬೆವರಿನಿಂದ ತೊಯ್ದು, ‘ನಿಮಗೆಲ್ಲ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರೋಕೆ ಏನು ಕಷ್ಟ?’ ಎಂದು ಕೂಗಿದೆ. ಅದೂ ರೆಕಾರ್ಡ್ ಆಯಿತು.

ಕೊನೆಗೆ ಹೆಂಗಸರನ್ನೂ ಮಕ್ಕಳನ್ನೂ ಮೇಲೆ ನಮ್ಮ ಮನೆಗೆ ಅಟ್ಟಿದೆ. ಶೆಟ್ಟರು ಸೀನಿಗೆ ಹೆದರಿ ಮುಖಕ್ಕೆ ಬೈರಾಸು ಟವೆಲ್ಲು ಸುತ್ತಿಕೊಂಡು ಮೂಲೆಯಲ್ಲಿ ಕುಳಿತರು. ಈ ಸಲ ಮೊದಲಿನಿಂದ ಕಡೆಯವರೆಗೆ ಒಂದು ಕೆಮ್ಮಿಲ್ಲ, ಒಂದು ಕುಂದಿಲ್ಲ. ಕ್ಯಾಸೆಟ್ಟಿನ ಮೇಲೆ ಚೆಂದದ ಅಕ್ಷರದಲ್ಲಿ ಹೆಸರು ಬರೆದು ಕೊಟ್ಟೆ. ಶೆಟ್ಟರು ಅದನ್ನು ಶರ್ಟಿನ ಜೇಬಿನಲ್ಲಿಟ್ಟುಕೊಂಡು ಖಸಬ್‌ಗೆ ಹೋದರು.

ಕೆಲವು ವಾರ ಕಳೆದು ಅವರ ಫೋನು ಬಂತು. ಹವಾಮಾನ, ಆಫೀಸು, ಕೋಣೆಯಲ್ಲಿ ಅಡುಗೆ ಮಾಡುವವರ ಬಗ್ಗೆ ದೂರು ಎಲ್ಲ ಆದ ಮೇಲೆ ಕೇಳಿದರು.

‘ಹಾಡು ಒಳ್ಳೆದುಂಟು ರಾಯರೆ. ಆದ್ರೆ ಆ ಹಾಳಾದದ್ದು ಉಂಟಲ್ಲ, ಕುಕ್ಕರ್ ಕೂಗಿದ್ದು, ಇವಳು ಗ್ಯಾಸ್ ಸಣ್ಣ ಮಾಡ್ಲಿಕ್ಕೆ ಹೇಳಿದ್ದು. ಅದು ಉಂಟಾ ನಿಮ್ಮತ್ರ?’

‘ಇಲ್ಲ ಶೆಟ್ಟರೆ. ಅದರ ಮೇಲೇ ತಾನೇ ಮತ್ತೆ ರೆಕಾರ್ಡ್ ಮಾಡಿದ್ದು.’

‘ಓ’ ಎಂದರು. ಆಮೇಲೆ ಮೆಲ್ಲಗೆ, ‘ಇಲ್ಲಿ ನಿಶ್ಶಬ್ದ ಬೇಕಾದಷ್ಟುಂಟು ಮಾರಾಯ್ರೆ. ಅದನ್ನು ಪುನಃ ಮಸ್ಕತ್ತಿಂದ ತರ್ಬೇಕಾ?’ ಎಂದರು.

ಈ ಮನುಷ್ಯನಿಗೆ ಬೇಕಾಗಿದ್ದದ್ದು ಭಾವಗೀತೆಯಲ್ಲ, ಶುಕ್ರವಾರ. ಆಗಲೇ ಮಾತು ಕೊಟ್ಟೆ, ಬರುವ ಶುಕ್ರವಾರವೇ ಇನ್ನೊಂದು ಕ್ಯಾಸೆಟ್ಟು ಮಾಡಿ ಕಳಿಸುತ್ತೇನೆ, ಗಲಾಟೆ ಸಮೇತ.

ಗಲಾಟೆ ಮಾಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಆ ಶುಕ್ರವಾರ. ಅದೇ ಟೀಪಾಯಿ, ಅದೇ ದಿಂಬು. ಸೆಟ್ಟಿನಲ್ಲಿ ಹಾಡು ಹಾಕಿ, ರೆಕಾರ್ಡರಿನ ಗುಂಡಿ ಒತ್ತಿ, ‘ಹೂಂ, ಯಲ್ಲಾ, ಎಲ್ಲ ಮಾತಾಡಿ’ ಎಂದೆ. ಎಲ್ಲರೂ ಫೋಟೋಗೆ ನಿಂತವರ ಹಾಗೆ ಬಿಗಿದುಕೊಂಡರು. ಚಿನ್ನು ತಾನಾಗಿಯೇ ಎ ಬಿ ಸಿ ಡಿ ಒಪ್ಪಿಸಿ ಮುಗಿಸಿದಳು. ವೀಣಾ, ‘ಹಲೋ ಅಂಕಲ್, ಹೌ ಆರ್ ಯು?’ ಎಂದು ಉತ್ತರಕ್ಕೆ ಕಾದಳು. ನಾಗರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

‘ಸುಮತಿ, ನೀವೂ ಏನಾದ್ರೂ ಹೇಳಿ.’

‘ಎಂತ ಹೇಳುದು ಅಣ್ಣ?’ ಎಂದವಳು ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಧಾಟಿಯಲ್ಲಿ, ‘ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ನೀವೂ ಕ್ಷೇಮವೆಂದು ನಂಬಿದ್ದೇವೆ’ ಎಂದಳು. ಹೇಳಿ ಮುಖ ಆ ಕಡೆ ತಿರುಗಿಸಿದಳು.

ಕುಕ್ಕರನ್ನಾದರೂ ನಂಬೋಣವೆಂದರೆ ಅಂದು ಅದರ ರಬ್ಬರು ಸಡಿಲವಾಗಿ ಬರೀ ಬುಸುಗುಟ್ಟಿತು. ಬೇಡವೆಂದಾಗ ಹಠ ಹಿಡಿದು ಬಂದ ಸದ್ದುಗಳು ಬೇಕೆಂದಾಗ ಒಂದೂ ಇಲ್ಲ. ಟೇಪು ನಿಲ್ಲಿಸಿ ಊಟಕ್ಕೆ ಎದ್ದೆವು.

ಊಟವಾದ ಮೇಲೆ ಹೆಂಗಸರಿಬ್ಬರೂ ಹಜಾರದ ಮೂಲೆಯಲ್ಲಿ ಕಾಗದ ಹರಡಿಕೊಂಡು ಬಸಳೆ ಸೋಸಲು ಕುಳಿತರು. ಕೊನೆಯ ಪ್ರಯತ್ನವೆಂದು ನಾನು ಯಾರಿಗೂ ಹೇಳದೆ ಎರಡೂ ಗುಂಡಿಗಳನ್ನು ಮತ್ತೆ ಒತ್ತಿ, ಸೋಫಾದ ಮೇಲೆ ಕಾವಲು ಕುಳಿತೆ. ಶುಕ್ರವಾರದ ಊಟ, ಏ.ಸಿ.ಯ ತಂಪು, ಭಾವಗೀತೆ. ಕಾವಲುಗಾರ ಎಷ್ಟು ಹೊತ್ತು ಎಚ್ಚರವಿದ್ದಾನು? ಟೇಪು ಮುಗಿದು ಗುಂಡಿ ಟಕ್ಕೆಂದಾಗ ಕಣ್ಣು ಬಿಟ್ಟೆ. ಬಸಳೆಯೂ ಮುಗಿದಿತ್ತು. ಅದರಲ್ಲಿ ನನ್ನ ಗೊರಕೆ ಬಿಟ್ಟು ಇನ್ನೇನಿದ್ದೀತು ಎಂದುಕೊಂಡೆ. ತಿರುಗಿಸಿ ಕೇಳಿ ನೋಡುವ ಧೈರ್ಯವಾಗಲಿಲ್ಲ. ಗೊರಕೆಯೂ ಗಲಾಟೆಯೇ ತಾನೆ ಎಂದು ಸಮಾಧಾನ ಮಾಡಿಕೊಂಡು, ಖಸಬ್‌ಗೆ ಹೊರಟಿದ್ದ ಅವರ ಕಂಪನಿಯ ಲಾರಿಯ ಡ್ರೈವರಿನ ಕೈಯಲ್ಲಿ ಕ್ಯಾಸೆಟ್ಟು ಕಳಿಸಿದೆ.

ಮುಂದಿನ ವಾರ ಸಂಜೆ ಶೆಟ್ಟರ ಫೋನು.

‘ರಾಯರೆ, ಗೊರಕೆ ಯಾರದ್ದು?’

‘ನಂದೇ ಶೆಟ್ಟರೆ.’

‘ಅಂದಾಜಿತ್ತು. ಗೊರಕೆಯ ಹಿಂದೆ ಇವಳು ನಾಗರತ್ನಕ್ಕನತ್ರ ಎಂತದೋ ಹೇಳ್ತಾ ಇದ್ದಾಳೆ, ನನ್ನ ಬಗ್ಗೆಯೇ. ಪಿಕಪ್ ಬದಿಗೆ ನಿಲ್ಲಿಸಿ ಎಷ್ಟು ಸಲ ಹಾಕಿದೆ ಗೊತ್ತುಂಟಾ? ಮುಖ್ಯ ಜಾಗಕ್ಕೆ ಬರುವಾಗ ನೀವು ಗುರ್ ಅಂತೀರಿ. ಅಕ್ಕನತ್ರ ಒಮ್ಮೆ ಕೊಡಿ ಮಾರಾಯ್ರೆ, ಅವಳು ಎಂತ ಹೇಳಿದ್ದಂತ ಕೇಳ್ತೇನೆ.’

ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ನಾಗರತ್ನಳಿಗೆ ವಿಷಯ ಹೇಳಿದೆ. ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಅಡುಗೆಮನೆಗೆ ಹೋದಳು, ಮತ್ತೆ ಬಂದಳು. ಹೆಂಗಸರು ತಮ್ಮ ತಮ್ಮಲ್ಲಿ ಆಡಿದ್ದನ್ನು ಗಂಡನಿಗೆ ದಾಟಿಸುವುದು ಸರಿಯೇ ಎಂಬ ಯೋಚನೆ ಅವಳ ಮುಖದ ಮೇಲೆಲ್ಲ ಓಡಾಡುತ್ತಿತ್ತು. ಕೊನೆಗೆ ರಿಸೀವರ್ ಕಿತ್ತುಕೊಂಡಳು.

‘ನೋಡಿ, ನಾನು ಹೇಳಿದೆ ಅಂತ ಅವಳಿಗೆ ಹೇಳ್ಬೇಡಿ. ಅವಳು ಹೇಳಿದ್ದಿಷ್ಟೇ. “ಗುಡ್ಡೆ, ಸಮುದ್ರ ಬಿಟ್ರೆ ಎಂತ ಇಲ್ಲ ಅಂತೆ. ನಾನು ಹುಟ್ಟಿದ್ದೆಲ್ಲಿ ಅಕ್ಕ? ಮನೆಯ ಒಂದು ಬದಿ ಗುಡ್ಡೆ, ಒಂದು ಬದಿ ಸಮುದ್ರ. ಬರ್ತೀಯಾ ಅಂತ ಒಂದು ಮಾತು ಕೇಳಿದ್ರೆ ಆ ದಿನವೇ ಹೊರಡ್ತಿದ್ದೆ. ಒಂದು ಕೋಣೆ ಆದ್ರೂ ಸಾಕಿತ್ತು.” ಇಷ್ಟು. ನೀನೇ ಹೇಳ್ಬಾರ್ದಾ ಅಂದ್ರೆ, “ಬೇಕಾದವರು ಕರೀಲಿ, ನಾನ್ಯಾಕೆ ಹೇಳುದು” ಅಂದ್ಳು. ನಾನಾಗಿದ್ರೂ ಹಾಗೇ ಅಂತಿದ್ದೆ.’

ಆ ಕಡೆಯಿಂದ ‘ಇಡ್ತೇನೆ ಅಕ್ಕ’ ಎಂದಷ್ಟೇ ಕೇಳಿಸಿತಂತೆ. ಅವಳು ರಿಸೀವರ್ ಇಟ್ಟ ಸ್ವಲ್ಪ ಹೊತ್ತಿಗೇ ಕೆಳಗಿನ ಮನೆಯಲ್ಲಿ ಫೋನು ಹೊಡೆದುಕೊಂಡಿತು. ನಾನು ಮೆಟ್ಟಿಲಿನ ಕಡೆ ಹೊರಟದ್ದನ್ನು ನೋಡಿ ನಾಗರತ್ನ ನನ್ನ ಬನಿಯನ್ ಹಿಡಿದು ಎಳೆದು, ಮುಂಬಾಗಿಲ ಚಿಲಕ ಹಾಕಿದಳು.

ಮರುದಿನ ಬೆಳಿಗ್ಗೆ ಸುಮತಿ ಮೇಲೆ ಬಂದಳು. ಮುಖ ಕೆಂಪಾಗಿತ್ತು.

‘ಅಣ್ಣ, ನನ್ನ ಮಾತೆಲ್ಲ ಕ್ಯಾಸೆಟಲ್ಲಿ ಹಿಡಿದು ಕಳಿಸಿದ್ದಾ ನೀವು?’

‘ನಂಗೆ ನಿದ್ದೆ ಬಂದಿತ್ತು ಸುಮತಿ.’

‘ನಿದ್ದೆಯಲ್ಲಿ ಇಷ್ಟು ಮಾಡಿದವರು ಎಚ್ಚರ ಇದ್ರೆ ಎಂತ ಮಾಡ್ತಿದ್ರೋ! ಇನ್ನು ನಿಮ್ಮೆದುರು ನಾನು ಬಾಯಿ ಬಿಡುದಿಲ್ಲ, ಆಯ್ತಾ?’ ಎಂದು ಹೇಳಿ ಕುರ್ಚಿ ಎಳೆದು ಕುಳಿತಳು. ನಾಗರತ್ನ ಕಾಫಿ ಕೊಟ್ಟಳು. ಆಮೇಲೆ ಸುಮತಿ ಎದ್ದದ್ದು ನಾನು ಆಫೀಸಿಗೆ ತಡವಾಗಿ, ನಾಗರತ್ನಳ ಸಾರು ಉಕ್ಕಿ, ಚಿನ್ನು ನಮ್ಮ ಮನೆಯಲ್ಲೇ ಸ್ನಾನ ಮುಗಿಸಿದ ಮೇಲೆ. ಖಸಬ್‌ನಲ್ಲಿ ಬಂದರಿನ ಹತ್ತಿರ ದಿನಸಿ ಅಂಗಡಿಯೊಂದರ ಹಿಂದೆ ಎರಡು ಕೋಣೆಯ ಮನೆ ಇದೆಯಂತೆ. ಹಿಂಬಾಗಿಲು ತೆಗೆದರೆ ಬಂಡೆ, ಮುಂಬಾಗಿಲು ತೆಗೆದರೆ ಮೀನಿನ ದೋಣಿಗಳಂತೆ. ಶೆಟ್ಟರು ಫೋನಿನಲ್ಲಿ ಅತ್ತರಂತೆ. ‘ಬಾ’ ಎನ್ನುವುದಕ್ಕೆ ಇಷ್ಟು ದಿನ ಬೇಕಾಯಿತಾ ಎಂದು ಇವಳು ಬೈದಳಂತೆ.

ಶೆಟ್ಟರ ಕೆಲಸ ಅಲ್ಲಾದರೂ ನಿಲ್ಲುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನನ್ನದೂ ಅಷ್ಟೇ. ಆದರೂ ದಾರ್ಸೈಟ್ ಮನೆ ಖಾಲಿ ಮಾಡುವ ದಿನ ಸುಮತಿಯ ಓಡಾಟ ನೋಡಿದರೆ ಕಂಪನಿ ಅವಳಿಗೇ ಬಡ್ತಿ ಕೊಟ್ಟಿದೆ ಅನ್ನಿಸುತ್ತಿತ್ತು. ರುಬ್ಬುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗುತ್ತೇನೆಂದು ವಿಮಾನ ನಿಲ್ದಾಣದಲ್ಲಿ ಹಠ ಹಿಡಿದಳು. ವಿಮಾನ ಚಿಕ್ಕದು, ಜಾಗವಿಲ್ಲವೆಂದರು. ಆಮೇಲೆ ಅದು ಲಾರಿಯಲ್ಲಿ ಹೋಯಿತು. ಚಿನ್ನು ನಾವು ಕಾಣುತ್ತಿರುವವರೆಗೂ ಕೈ ಬೀಸಿದಳು. ವಾಪಸು ಬರುವಾಗ ನಾಗರತ್ನ ಕಾರಿನಲ್ಲಿ ಸ್ವಲ್ಪ ಅತ್ತಳು. ನಾನು ಅಳಲಿಲ್ಲ, ಆದರೆ ರೂವಿಗೆ ತಿರುಗುವ ರಸ್ತೆ ಬಿಟ್ಟು ಮುಂದೆ ಹೋಗಿಬಿಟ್ಟೆ.

ನಮ್ಮ ಶುಕ್ರವಾರಗಳು ಸಪ್ಪೆಯಾದವು. ಆದರೆ ಬೇಸರವಾದಾಗಲೆಲ್ಲ ಅಲ್ಲಿ ಅವರು ಮೂವರೂ ಒಟ್ಟಿಗಿದ್ದಾರೆ ಎಂದುಕೊಂಡರೆ ಮನಸ್ಸು ತಂಪಾಗುತ್ತಿತ್ತು. ಹಲವು ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಶೆಟ್ಟರು ಫೋನ್ ಮಾಡಿದರು. ಬಂದರಿನಲ್ಲಿ ಕೆಲಸ ಸ್ವಲ್ಪ ಸ್ವಲ್ಪ ಚಿಗುರುತ್ತಿದೆ ಎಂದರು. ಹಾಡುಗಳನ್ನು ಈಗಲೂ ಕೇಳುತ್ತೀರಾ ಎಂದು ಕೇಳಿದೆ.

‘ಪುರುಸೊತ್ತೆಲ್ಲುಂಟು ಮಾರಾಯ್ರೆ? ಮೊದಲು ಇವಳ ಮಾತು ಮುಗೀಬೇಕಲ್ಲ!’

ಅಷ್ಟರಲ್ಲಿ ಹಿಂದಿನಿಂದ, ‘ಓ ಇವರೇ, ಮೀನು ತಣ್ಣಗಾಗ್ತದೆ, ಬರ್ತೀರಾ ಇಲ್ವಾ?’ ಎಂಬ ಕೂಗು.

‘ಬಂದೆ ಬಂದೆ. ಒಂದು ನಿಮಿಷ ರಾಯರೆ’ ಎಂದು ಶೆಟ್ಟರು ರಿಸೀವರನ್ನು ಪಕ್ಕಕ್ಕಿಟ್ಟು ಹೋದರು. ಹೋದವರು ನನ್ನನ್ನು ಮರೆತೇಬಿಟ್ಟರು. ತಟ್ಟೆ ಇಡುವ ಸದ್ದು ಕೇಳಿಸಿತು. ಚಿನ್ನು ಅನ್ನ ಬೇಡವೆಂದು ರಾಗ ಎಳೆದಳು. ಶೆಟ್ಟರು ಸೀನಿದರು. ಮೀನಿಗೆ ಹುಳಿ ಹೆಚ್ಚಾಗಿದೆ ಎಂದು ಅವರೂ, ಹೆಚ್ಚಾಗಿದ್ದರೆ ಬಡಿಸುವುದಿಲ್ಲವೆಂದು ಅವಳೂ ವಾದಕ್ಕೆ ಕೂತರು.

‘ಯಾರ್ರೀ ಫೋನು?’ ಎಂದು ನಾಗರತ್ನ ಬಂದಳು. ನಾನು ಬಾಯಿಯ ಮೇಲೆ ಬೆರಳಿಟ್ಟು ರಿಸೀವರನ್ನು ಅವಳ ಕಿವಿಗೂ ತಾಗುವಂತೆ ಹಿಡಿದೆ. ಇಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಶೆಟ್ಟರು ಇನ್ನೊಂದು ತುಂಡು ಮೀನು ಕೇಳಿದರು. ಸುಮತಿ ಬಡಿಸಿದಳು.